ಎಲೆಗೆ ಅಡ್ಡ ಹಿಡಿದ ಕೈ

ಮಗಳು ವಿಜೇತಾಳ ಅಂಗೈ ಚಾಪೆಯ ಮೇಲೆ ಬಿಚ್ಚಿಕೊಂಡಿದೆ, ಐದೂ ಬೆರಳು ಅಗಲ, ಊಟದೆಲೆಗೆ ಅಡ್ಡ ಹಿಡಿದ ಹಾಗೆ — ಪಟ್ ಪಟ್, ಕೇಳುತ್ತಿದೆ, ಆದರೂ ರತ್ನಾಕರ ಅವಳ ಇನ್ನೊಂದು ತೋಳನ್ನು ಮಡಚಿ ಒತ್ತುತ್ತಲೇ ಇದ್ದಾನೆ, ತ್ರಾಸಿಯ ಹೆದ್ದಾರಿ ಬದಿಯ ಈ ತರಬೇತಿ ಹಾಲಿನಲ್ಲಿ, ಹಾಲಿಲ್ಲದ ಹಾಲು, ಬರೀ ಬೆವರಿನ ವಾಸನೆ, ಐವತ್ತು ಹತ್ತಿರ ಬಂದ ಮೇಲೆ ಕಲಿಯ ಹೊರಟ ಜಿಯು-ಜಿಟ್ಸು, ಕುಸ್ತಿಯ ದೂರದ ನೆಂಟ, ಕೆಡವಿ ಕೈಕಾಲು ಕಟ್ಟುವ ವಿದ್ಯೆ, ಮೊದಲ ದಿನವೇ ಕಲಿಸುವ ರಂಜನ್ ಹೇಳಿದ್ದ, ಚಾಪಿ ತಟ್ರ್ ಅಂದ್ರೆ ಸಾಕ್ ಅಂದಂಗೆ, ಬಿಡ್ಕ್ ರತ್ನಾಕರಣ್ಣ, ಇಲ್ಲಿಪ್ಪು ಕಾನೂನ್ ಅದೊಂದೇ — ವಿಜೇತಾ ನಗುತ್ತಾ ತಟ್ಟುತ್ತಿದ್ದಾಳಲ್ಲ, ನಗುತ್ತಾ ಸಾಕು ಅನ್ನುವವರದ್ದು ಸಂಕೋಚ, ಅದನ್ನು ದಾಟಿ ಬಡಿಸಿದರೇ ಮರ್ಯಾದೆ, ನೆಂಟರ ಮದುವೆಗಳಲ್ಲಿ ಹೋಳಿಗೆಯ ಬುಟ್ಟಿ ಅವನ ಕೈಗೇ ಕೊಡುವುದು ಅದಕ್ಕೇ, ಯಾರೋ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ, ಇವನು ಅವರ ಹೆಂಡತಿಯದೇ ಸ್ವರ ಅಣಕಿಸುತ್ತಾನೆ, ಹಾಕಿ ಹಾಕಿ, ಅವ್ರಿಗೆ ನಾಚ್ಕಿ, ಅವರು ಬೆಚ್ಚಿ ಅತ್ತ ತಿರುಗಿದ್ದೇ ಹೋಳಿಗೆ ಎಲೆಗೆ ಬಿದ್ದಾಯಿತು, ಪಂಕ್ತಿಯಿಡೀ ನಗು, ಮೋಸಹೋದವನದ್ದೇ ಎಲ್ಲರಿಗಿಂತ ದೊಡ್ಡ ನಗು, ಮತ್ತೆ ಅವರು ಎಲೆ ಮಡಚುವಾಗ ಆ ಹೋಳಿಗೆ ಮುಟ್ಟದೇ ಒಳಗೇ ಉಳಿದಿರುತ್ತಿತ್ತು, ಕಂಡಿದ್ದಾನೆ, ಕಾಣದವನ ಹಾಗೆ ಮುಂದಿನ ಎಲೆಗೆ ಹೋಗಿದ್ದಾನೆ.

ಹ್ವಾಯ್, ಬಿಡಿ ಮಾರಾಯ್ರೆ, ಹೋಳ್ಗಿ ಬಡ್ಸುದಲ್ಲ ಇದ್, ರಂಜನ್ ಬಂದು ಭುಜ ಹಿಡಿದು ಎಳೆದ, ಗೋಡೆಗೊರಗಿ ಕೂತವರೆಲ್ಲ ನಕ್ಕರು, ವಿಜೇತಾ ಮೊಣಕೈ ತಿಕ್ಕಿಕೊಳ್ಳುತ್ತಾ ಎಲ್ಲರಿಗಿಂತ ಜೋರಾಗಿ — ಈ ನಗು ಎಲ್ಲಿ ಕೇಳಿದ್ದು, ಮನೆಯಲ್ಲಿ, ಹೋದ ವಾರ, ಬ್ಯಾಡ ಅಪ್ಪಯ್ಯ, ನಂಗೆ ಆ ಬ್ರಹ್ಮಾವರದ್ ಸಂಬಂಧ ಬ್ಯಾಡ, ಅವಳು ಅಂದಿದ್ದಳು, ಇವನು ಕೂಡಲೇ ಅವಳದ್ದೇ ಸ್ವರದಲ್ಲಿ, ಹೂಂ ಅಪ್ಪಯ್ಯ, ನೀವ್ ಹೇಳ್ದಂಗೆ, ಹೆಂಡತಿ ಬೇಬಿ ಸೌಟು ಹಿಡಿದೇ ನಕ್ಕಳು, ಅವಳು ನಕ್ಕರೆ ಗೆದ್ದ ಹಾಗೆ, ಮಗಳು ಇನ್ನೂ ಜೋರಾಗಿ ನಕ್ಕು ಕೋಣೆಯ ಬಾಗಿಲು ಹಾಕಿಕೊಂಡಳು, ಅಂದಿನಿಂದ ಇವನ ಹತ್ತಿರ ಮಾತಿಲ್ಲ, ಅವಳು ಕಲಿಯುವ ಈ ಚಾಪೆಯ ಮೇಲಾದರೂ ತನ್ನ ಕೈ ಹಿಡಿಯಲೇಬೇಕಲ್ಲ ಎಂದು ತಾನೇ ಈ ಬಿಳಿ ಬೆಲ್ಟು ಕಟ್ಟಿಕೊಂಡು ಬಂದದ್ದು.

ಈಗ ಅವಳ ಸರದಿ, ಇವನು ಕೆಳಗೆ, ಎಷ್ಟು ಹಗುರದ ಹುಡುಗಿ ಎಷ್ಟು ಭಾರ, ತೋಳು ತಿರುಗುತ್ತಿದೆ, ಭುಜದಲ್ಲಿ ಬೆಂಕಿ, ಬಾಯಿಂದ ನಗುವೇ ಬರುತ್ತದೆ, ಇಷ್ಟು ನೋವಿಗೂ ನಗು ಬರುತ್ತದಾ — ತಟ್ಟುತ್ತಾನೆ, ಒಂದೇ ಸಲ, ಮೆಲ್ಲಗೆ, ಅಷ್ಟಕ್ಕೇ ಬಿಟ್ಟಳು, ಕೈ ಪೂರ್ತಿ ಬಿಟ್ಟು ಎದ್ದಳು, ಸಾಕಾ ಅಪ್ಪಯ್ಯ, ನೋಯ್ತಾ, ಒಂದು ವಾರದ ನಂತರ ಅಪ್ಪಯ್ಯ. ಚೀಲದೊಳಗೆ ಫೋನು, ಬ್ರಹ್ಮಾವರದವರು, ನಾಳೆ ಹೆಣ್ ಕಾಂಬುಕೆ ಎಷ್ಟ್ ಹೊತ್ತಿಗ್ ಬಪ್ಪುದ್ ರತ್ನಾಕರಣ್ಣ, ನಾಲಿಗೆಯ ತುದಿಯಲ್ಲಿ ತಯಾರಿದ್ದ ಮಾತು, ಬನ್ನಿ ಬನ್ನಿ, ಅವ್ಳಿಗೆ ನಾಚ್ಕಿ ಅಷ್ಟೇ, ಬರುವುದಿಲ್ಲ, ಯಾರ ಸ್ವರವೂ ಬರುವುದಿಲ್ಲ, ಅವನದ್ದೇ ಒಣಗಿದ ಸ್ವರ, ಬಪ್ಪುದ್ ಬ್ಯಾಡ, ಅವ್ಳ್ ಆಗ್ಳೇ ಬ್ಯಾಡ ಅಂದಿದ್ಲ್, ನಾನೇ ಕೇಣ್ಲಿಲ್ಲ — ವಿಜೇತಾ ನಗುತ್ತಿಲ್ಲ, ನೀರಿನ ಬಾಟಲಿ ಅರ್ಧಕ್ಕೇ ಹಿಡಿದು ನೋಡುತ್ತಿದ್ದಾಳೆ, ಆಚೆ ಲಾರಿ, ಲಾರಿಯಾಚೆ ಕಡಲು, ಫೋನಿನಲ್ಲಿ ಹಲೋ ಹಲೋ, ಇವನ ಕಣ್ಣು ಅವಳು ಎದ್ದು ಹೋದ ಚಾಪೆಯ ಮೇಲೆ, ಅಲ್ಲಿ ಬೆವರಿನಲ್ಲಿ ಮೂಡಿದ ಅವಳ ಅಂಗೈ, ಐದೂ ಬೆರಳು ಅಗಲ, ಅಡ್ಡ ಹಿಡಿದ ಹಾಗೆ, ಐದೂ ಬೆರಳು ಅಗಲ