ಕಾರ್ಡಿದ್ದವರ ಬೇನೆ

"ಕೈ ಸಡ್ಲ ಬಿಡವಾ. ಬಿಗಿ ಹಿಡದ್ರ ಬಳಿ ಒಡೀತಾವು," ಎನ್ನುತ್ತ ಕೃಷ್ಣವ್ವ ಸೊಸೆಯ ಮುಂಗೈಗೆ ಇನ್ನಷ್ಟು ಸಾಬೂನಿನ ನೊರೆ ಸವರಿದಳು.

ರೇಣು ಆಗಲೇ ಆಸ್ಪತ್ರೆಯ ಹಸಿರು ನಿಲುವಂಗಿ ತೊಟ್ಟು ಮಂಚದ ಅಂಚಿಗೆ ಕುಳಿತಿದ್ದಳು. ಬಳೆ, ಕಾಲುಂಗುರ, ತಾಳಿ ಎಲ್ಲ ತೆಗೆಯಬೇಕು, ಕೂದಲನ್ನು ಎರಡು ಹೆರಳು ಹಾಕಬೇಕು ಎಂದು ನರ್ಸ್ ಹೇಳಿ ಹೋಗಿದ್ದಳು. ಮಧ್ಯಾಹ್ನದ ಊಟದ ಹೊತ್ತಿಗೆ ಅವಳ ಗರ್ಭಚೀಲ ತೆಗೆದು ಮುಗಿದಿರುತ್ತದೆ ಎಂದು ಡಾಕ್ಟರು ನಿನ್ನೆಯೇ ತಿಳಿಸಿದ್ದರು.

ಸುರೇಬಾನದಿಂದ ರಾಮದುರ್ಗದ ಈ ನರ್ಸಿಂಗ್ ಹೋಮಿಗೆ ರೇಣುವನ್ನು ಕರೆತಂದವಳು ಕೃಷ್ಣವ್ವನೇ. ಸೊಸೆಗೆ ಬೇಸಿಗೆಯಿಂದ ಕೆಳಹೊಟ್ಟೆ ನೋವು, ಬಿಳಿ ಹೋಗುವುದು. ಸ್ಕ್ಯಾನ್ ಮಾಡಿದ ಡಾಕ್ಟರು, ಒಳಗೆ ಬಾವು ಬಂದಿದೆ, ಸಣ್ಣ ಗಂಟೂ ಇದೆ, ಹೇಗಿದ್ದರೂ ಎರಡು ಮಕ್ಕಳಾಗಿವೆಯಲ್ಲ, ಚೀಲ ತೆಗೆಸಿಬಿಡಿ ಎಂದಿದ್ದರು. ಮೂವತ್ತೂ ತುಂಬದ ರೇಣು ಅಳುಕಿದಾಗ ಧೈರ್ಯ ತುಂಬಿದವಳೂ ಕೃಷ್ಣವ್ವನೇ. ಅವಳಿಗೂ ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ ಬೇರೊಂದು ಊರಿನ ಆಸ್ಪತ್ರೆಯಲ್ಲಿ ಇದೇ ಆಪರೇಷನ್ ಆಗಿತ್ತು. ಆಗ ಕಿವಿಯ ಬೆಂಡೋಲಿ ಮಾರಿದ್ದರು. ಈಗ ಸೊಸೈಟಿಯವರು ಮಾಡಿಸಿಕೊಟ್ಟ ವಿಮಾ ಕಾರ್ಡು ಇದೆ, ಏನೂ ಮಾರಬೇಕಾಗಿಲ್ಲ. ಕಾಲ ಸುಧಾರಿಸಿದೆ ಎಂದೇ ಅವಳು ನಂಬಿದ್ದಳು.

ಕೊನೆಯ ಬಳೆ ಹೊರಬರುವಷ್ಟರಲ್ಲಿ ಸುನೀಲ ಬಾಗಿಲಲ್ಲಿ ಕಾಣಿಸಿಕೊಂಡ. ನರ್ಸಿಂಗ್ ಹೋಮಿನಲ್ಲಿ ಕಾರ್ಡಿನ ಕೆಲಸವನ್ನೆಲ್ಲ ನೋಡಿಕೊಳ್ಳುವ ಹುಡುಗ ಅವನು.

"ಅಪ್ರೂವಲ್ ಬಂತ್ರಿ ಯವ್ವಾ. ಇನ್ನ ಚಿಂತಿ ಬ್ಯಾಡ. ಒಂದ್ ಪೈಸಾ ಬಿಚ್ಚೂದಿಲ್ಲ ನೀವು," ಎಂದು ನಕ್ಕು ಹೋದ.

ಪಕ್ಕದ ಮಂಚದಲ್ಲಿ ಹಿಂದಿನ ದಿನ ಇದೇ ಆಪರೇಷನ್ ಆದ ಹೆಂಗಸೊಬ್ಬಳು ಕಣ್ಣುಮುಚ್ಚಿ ಮಲಗಿದ್ದಳು. ಅವಳಿಗೆ ಗಂಜಿ ತಂದಿದ್ದ ನಾದಿನಿ ಸುಂದರವ್ವ ಡಬ್ಬಿಯ ಮುಚ್ಚಳ ತೆಗೆಯುತ್ತ ರೇಣುವಿನ ಕಡೆ ತಿರುಗಿದಳು.

"ನಿನಗೂ ಚೀಲದ್ದ ಏನವಾ? ಏನಾಗಿತ್ತು?"

ರೇಣು ಹೇಳಿದಳು. ಸುಂದರವ್ವ ಮುಚ್ಚಳ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ನನಗೂ ಇದ ಇತ್ತಲ್ಲವಾ, ಹಿಂಗ ಬ್ಯಾನಿ, ಹಿಂಗ ಬಿಳಿ ಹೋಗೂದು. ಇದ ಡಾಕ್ಟರ್‌ಗೆ ತೋರಿಸಿದ್ದೆ. ಮೊದಲ ತಗೀಬೇಕು ಅಂದ್ರು. ಆಮ್ಯಾಲ ನೋಡಿದ್ರ ನನ್ ಕಾರ್ಡಿನಾಗ ಹೆಸರ ತಪ್ಪ ಬಿದ್ದಿತ್ತು, ನಡಿಯೂದಿಲ್ಲ ಅಂದ್ರು. ರೊಕ್ಕ ಎಲ್ಲಿಂದ ತರ್ಲಿ? ಗುಳಿಗಿ ಬರಕೊಟ್ಟ ಕಳಿಸಿದ್ರು."

"ಮತ್ತ?" ರೇಣು ಕೇಳಿದಳು.

"ಮತ್ತೇನು, ಕಡಿಮಿ ಆತು. ಹೋದ ಯುಗಾದಿ ಹೊತ್ತಿನ ಮಾತದು. ಇವತ್ತಿನ ತನಕ ಏನೂ ಇಲ್ಲ."

ಇಷ್ಟು ಹೇಳಿ ಸುಂದರವ್ವ ಅತ್ತಿಗೆಯನ್ನು ಎಬ್ಬಿಸಲು ಬಾಗಿದಳು. ತಾನು ಏನು ಹೇಳಿದೆ ಎಂಬುದು ಆಮೇಲೆ ಅವಳಿಗೇ ಹೊಳೆದಂತಾಗಿ, ಅತ್ತಿಗೆಯ ಮುಖವನ್ನೇ ನೋಡುತ್ತ ನಿಂತುಬಿಟ್ಟಳು.

ರೇಣು ಮಂಚದಿಂದ ಇಳಿದಳು. "ಅತ್ತಿ, ನನ್ ಸೀರಿ ಕೊಡ್ರಿ."

"ಯಾಕವಾ?"

"ಕಾರ್ಡ್ ಇಲ್ಲದಾಕಿಗೆ ಗುಳಿಗ್ಯಾಗ ಹೋಗೂ ಬ್ಯಾನಿ ನನಗ್ಯಾಕ ಹೋಗೂದಿಲ್ಲ? ಕೇಳತೇನಿ."

ನಿಲುವಂಗಿಯ ಮೇಲೆಯೇ ಸೀರೆ ಸುತ್ತಿಕೊಂಡು ಅವಳು ಡಾಕ್ಟರ ಕೋಣೆಗೆ ನಡೆದಳು. ಹೊರಗೆ ಬೆಂಚಿನ ಮೇಲಿದ್ದ ಗಂಡ ಪರಶು ಗಾಬರಿಯಿಂದ ಹಿಂದೆ ಬಂದ. ಟೆಂಪೋ ಓಡಿಸುವ ಅವನು ಇದಕ್ಕಾಗಿ ವಾರದ ಬಾಡಿಗೆಗಳನ್ನೆಲ್ಲ ಬಿಟ್ಟುಕೊಟ್ಟಿದ್ದ.

ಡಾಕ್ಟರು ರೇಣುವಿನ ಪ್ರಶ್ನೆಯನ್ನು ಪೂರ್ತಿ ಕೇಳಲಿಲ್ಲ. "ಒಬ್ಬೊಬ್ಬರ ದೇಹ ಒಂದೊಂದು ಥರ ಇರುತ್ತೆ. ನೀನೇನು ಡಾಕ್ಟ್ರಾ?"

"ಅಲ್ರಿ. ಅದಕ್ಕ ಕೇಳಾಕ ಬಂದೇನಿ. ನನಗೂ ಮೊದಲ ಗುಳಿಗಿ ಕೊಟ್ಟ ನೋಡ್ರಿ."

"ನೋಡಮ್ಮಾ, ಇವತ್ತು ಬಿಟ್ಟರೆ ನಾಳೆ ಅದೇ ಕ್ಯಾನ್ಸರ್ ಆಗಬಹುದು. ಆಗ ನನ್ನ ಹತ್ತಿರ ಬರಬೇಡ."

ಆ ಶಬ್ದ ಕಿವಿಗೆ ಬಿದ್ದದ್ದೇ ಪರಶು ಹೆಂಡತಿಯ ರಟ್ಟೆ ಹಿಡಿದು ಹೊರಗೆಳೆದ. "ಹುಚ್ಚ ಹಿಡದೈತೇನ ನಿನಗ? ವರ್ಷಾ ವರ್ಷಾ ಕಂತು ತುಂಬಾಕತ್ತೇನಿ. ಒಮ್ಮಿನೂ ಉಪಯೋಗ ಆಗಿಲ್ಲ. ಈಗ ಫುಕಟ್ ಆಗತೈತಿ ಅಂದ್ರ ಒಲ್ಲೆ ಅಂತೀಯಲ್ಲ!"

"ಕಂತ ತುಂಬೀರಿ ಅಂತ ನನ್ನ ಹೊಟ್ಟಿ ಕೊಯ್ಸತೀರೇನ? ತುಂಬಿದ್ದ ವಸೂಲಿ ಆಗ್ಲಿ ಅಂತ?" ರೇಣುವಿನ ದನಿ ಕಾರಿಡಾರಿನ ತುದಿಯವರೆಗೂ ಕೇಳಿಸಿತು. "ಫುಕಟ್ ಯಾರಿಗ್ರಿ? ರೊಕ್ಕ ಅವರಿಗಿ ಬರತೈತಿ. ಚೀಲ ಹೋಗೂದ ನಂದು."

ಸುನೀಲ ಓಡಿಬಂದ. ಅಪ್ರೂವಲ್ ಬಂದ ಮೇಲೆ ಹೀಗೆ ಎದ್ದು ಹೋದರೆ ಮುಂದೆ ಕಾರ್ಡೇ ನಡೆಯುವುದಿಲ್ಲ, ಮಕ್ಕಳಿಗೆ ಜ್ವರ ಬಂದರೂ ಕೈಯಿಂದಲೇ ಕಟ್ಟಬೇಕಾಗುತ್ತದೆ ಎಂದು ಹೆದರಿಸಿದ. ಪರಶು ತಾಯಿಯ ಕಡೆ ನೋಡಿದ. "ನೀನರೆ ಹೇಳ ಯವ್ವಾ. ನಿನ್ ಮಾತ ಕೇಳತಾಳು."

ಕೃಷ್ಣವ್ವ ಸೆರಗಿನ ತುದಿಯಲ್ಲಿ ಸೊಸೆಯ ಬಳೆಗಳನ್ನು ಗಂಟು ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. "ಕಾರ್ಡ್ ಇಸಕೊಂಡ ಬಾ," ಎಂದು ಮಗನಿಗೆ ಹೇಳಿ ಸೊಸೆಯ ಕೈ ಹಿಡಿದು ಮೆಟ್ಟಿಲಿಳಿದಳು.

ಸರ್ಕಾರಿ ದವಾಖಾನೆಯಲ್ಲಿ ಪಾಳಿ ಉದ್ದವಿತ್ತು. ಸ್ನೇಹಲ್ ಎಂಬ ಲೇಡಿ ಡಾಕ್ಟರು ಇವರು ತಂದಿದ್ದ ಸ್ಕ್ಯಾನ್ ನೋಡಿ, ರೇಣುವನ್ನು ಒಳಗೆ ಮಲಗಿಸಿ ತಪಾಸಣೆ ಮಾಡಿ, ಕೈ ತೊಳೆದು ಬಂದು ಕುಳಿತರು.

"ಸೋಂಕು ಆಗೇತಿ. ಗುಳಿಗಿ ಕೊಡತೇನಿ, ಗಂಡನೂ ತಗೋಬೇಕು. ಗಂಟು ಅಂದದ್ದು ನೀರಿನ ಗುಳ್ಳಿ, ಸಣ್ಣದೈತಿ. ತಾನ ಕರಗಬಹುದು. ಎರಡ ತಿಂಗಳಾದ ಮ್ಯಾಲ ಮತ್ತ ಬಂದ ತೋರಸ್ರಿ, ತಪ್ಪಿಸಬ್ಯಾಡ್ರಿ. ಕ್ಯಾನ್ಸರಿನ ಅನುಮಾನ ಬ್ಯಾಡ ಅಂತ ಒಂದ ತಪಾಸಣಿಗೆ ಕಳಿಸೇನಿ."

"ಚೀಲ ತಗ್ಯೂದು?" ಪರಶು ಮೆಲ್ಲಗೆ ಕೇಳಿದ.

"ಇದಕ್ಕ್ಯಾಕ ತಗೀತಾರ?" ಎಂದ ಡಾಕ್ಟರ ದನಿಯಲ್ಲಿ ಸಿಟ್ಟಿತ್ತು.

ಪರಶು ತಲೆ ತಗ್ಗಿಸಿದ. ಮೂವರೂ ಏಳುತ್ತಿರುವಾಗ ಕೃಷ್ಣವ್ವ ಕುರ್ಚಿಯ ಬೆನ್ನು ಹಿಡಿದು ಅಲ್ಲೇ ನಿಂತಳು.

"ಡಾಕ್ಟರ ಬಾಯಾರ, ನಂದೂ ತಗದಾರ್ರಿ. ಇವ ಪರಶು ಆಗ ಸಾಲಿಗಿ ಹೋಗತಿದ್ದ. ನನಗೂ ಇದ ಬ್ಯಾನಿ ಇತ್ತು. ಅಂದಿನಿಂದ ಮೈಯೆಲ್ಲಾ ಬೆಂಕಿ ಹಚ್ಚಿದಂಗ ಆಗತೈತಿ. ನಡ ನೆಟ್ಟಗ ಆಗೂದಿಲ್ಲ. ಕಳೇ ತಗ್ಯಾಕ ಬಗ್ಗಿದ್ರ ಏಳಾಕ ಬರೂದಿಲ್ಲ. ಇಷ್ಟ ಲಗೂನ ಮುದಿಕಿ ಆದ್ನಲ್ಲ ಅಂತ ಅನಕೋತಿದ್ದೆ."

"ಚೀಲದ ಜೊತಿ ಅಂಡಾಶಯನೂ ತಗದಿದ್ರೇನ್ರಿ?"

"ಏನ ತಗದ್ರೋ ಯಾರಿಗ್ಗೊತ್ರಿ. ನನಗ್ಯಾರೂ ಹೇಳಲಿಲ್ಲ." ಅವಳು ಮೇಜಿನ ಕಡೆ ಬಾಗಿದಳು. "ನಂದು ತಗೀಬೇಕಾಗಿತ್ತೇನ್ರಿ ಬಾಯಾರ?"

ಸ್ನೇಹಲ್ ಪೆನ್ನು ಕೆಳಗಿಟ್ಟರು. "ನೋಡದ ನಾ ಹೆಂಗ ಹೇಳ್ಲಿ ಅವ್ವಾರ? ಈಗ ಅದು ಇಲ್ಲಲ್ಲ."

ಬಸ್‌ಸ್ಟ್ಯಾಂಡಿನಲ್ಲಿ ಪರಶು ಮೂವರಿಗೂ ಚಹಾ ತಂದ. ಕೃಷ್ಣವ್ವನ ಚಹಾ ಕೆನೆಗಟ್ಟಿತು. ಸುರೇಬಾನದ ಬಸ್ಸು ಬಂದು ನಿಂತಾಗ ಜನ ಬಾಗಿಲಿಗೆ ಮುತ್ತಿದರು. ಪರಶು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ. ರೇಣು ಹತ್ತಿ ಕುಳಿತು, ಪಕ್ಕದಲ್ಲಿ ಅತ್ತೆಗೆ ಜಾಗ ಬಿಟ್ಟಳು.

ಕೃಷ್ಣವ್ವ ಹತ್ತಲಿಲ್ಲ. ಕಿಟಕಿಯ ಬಳಿ ಬಂದು, "ನೀವು ನಡೀರಿ. ನಾ ಹಿಂದ ಬರೂ ಬಸ್ಸಿಗೆ ಬರತೇನಿ," ಎಂದಳು.

"ಎಲ್ಲಿಗಿ ಹೊಂಟಿ?" ಪರಶುವಿಗೆ ತಿಳಿದುಹೋಗಿತ್ತು. "ಯವ್ವಾ, ನಮ್ಮದು ಮುಗೀತು. ಊರ ಉಸಾಬರಿ ನಮಗ್ಯಾಕ? ಆ ನರ್ಸಿಂಗ್ ಹೋಮಿನವರು ದೊಡ್ಡ ಮಂದಿ. ನಿನ್ನ ದೂಡಿ ಹೊರಗ ಹಾಕತಾರ."

"ಹಾಕ್ಲಿ. ಹೊರಗ ಕಟ್ಟಿ ಐತಲ್ಲ, ಅಲ್ಲೇ ಕುಂದರತೇನಿ. ಚೀಲ ತಗಸಾಕ ಬರೂ ಹೆಣ್ಮಕ್ಕಳಿಗೆಲ್ಲಾ ಬಾಗಲಾ ಅಂತೂ ಒಂದ ಐತಿ, ಅಲ್ಲೇ ಹೇಳತೇನಿ."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹಿಂದಕ್ಕೆ ಸರಿದು ತಿರುಗುವಾಗ ರೇಣು ಕಿಟಕಿಯಿಂದ ಕತ್ತು ಹೊರಹಾಕಿ ನೋಡಿದಳು. ಬಿಸಿಲು ಇನ್ನೂ ಇಳಿದಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಬದಿಯಲ್ಲಿ, ಒಂದು ಕೈಯನ್ನು ಸೊಂಟಕ್ಕೆ ಒತ್ತಿಕೊಂಡು, ಬಗ್ಗಿದ ಬೆನ್ನಿನಲ್ಲೇ, ಕೃಷ್ಣವ್ವ ಬಂದ ದಾರಿ ಹಿಡಿದು ಬಿರಬಿರನೆ ನಡೆಯುತ್ತಿದ್ದಳು.