ಕೂಲರಿನ ಹಿಂದೆ ಸಿಕ್ಕಿದ ವೈಫೈ

ಹಳದಿ ತ್ರಿಕೋನ ಮತ್ತೆ ಬಂತು, ಲ್ಯಾಪ್‌ಟಾಪಿನ ಬಲಮೂಲೆಯಲ್ಲಿ, ವೈಫೈ ಗುರುತಿನ ನೆತ್ತಿಯ ಮೇಲೆ, ಒಳಗೊಂದು ಆಶ್ಚರ್ಯಸೂಚಕ ಚಿಹ್ನೆ, ಆಶ್ಚರ್ಯಪಡಬೇಕಾದವಳು ನಾನು, ಅದಕ್ಕೇನಂತೆ — ಕನೆಕ್ಟ್ ಆಗಿದೆ, ಇಂಟರ್ನೆಟ್ ಇಲ್ಲ, ನಿನ್ನೆ ಮಧ್ಯಾಹ್ನದವರೆಗೂ ಸರಿಯಿತ್ತು, ಇವತ್ತು ಬ್ಯಾಂಕಿಗೆ ರಜೆ ಹಾಕಿ ಕೂತರೆ ಇದಕ್ಕೆ ಈ ಬುದ್ಧಿ. ಹನ್ನೊಂದಾಯಿತು. ಹನ್ನೊಂದೂವರೆಗೆ ಹುಬ್ಬಳ್ಳಿಯ ಆಸ್ಪತ್ರೆಯಿಂದ ವಿಡಿಯೊ ಕರೆ, ಡಾಕ್ಟರು, ತಮ್ಮ ಗಿರಿಧರ, ಮಂಚದ ಮೇಲೆ ಅಪ್ಪ, ಮೂವರೂ ಅಲ್ಲಿ, ನಾನೊಬ್ಬಳು ಇಲ್ಲಿ ನಾಗಪುರದಲ್ಲಿ, ಮಹಾಲ್ ಪೇಟೆಯ ಈ ಹಳೇ ವಾಡೆಯ ಒಳಕೋಣೆಯಲ್ಲಿ. ಸಕ್ಕರೆ ಕಾಯಿಲೆಯ ಹುಣ್ಣು ಹೆಬ್ಬೆರಳಿನಿಂದ ಹಿಮ್ಮಡಿಗೆ ಹತ್ತಿದೆ, ಬಲಗಾಲನ್ನು ಮೊಣಕಾಲ ಕೆಳಗೆ ತೆಗೆಯದಿದ್ದರೆ ಜೀವಕ್ಕೇ ಬರುತ್ತದಂತೆ, ಎರಡು ಗಂಟೆಗೆ ಆಪರೇಷನ್ ಅಂತ ಇಟ್ಟಿದ್ದಾರೆ, ಅಪ್ಪ ಮಾತ್ರ ಸಹಿ ಹಾಕುತ್ತಿಲ್ಲ, ನನ್ನ ಹೆಸರು ಹಿಡಿದು ಕೂತಿದ್ದಾರೆ. ಲೀಲಾ ಹೂಂ ಅನ್ಲಿ, ಆಮ್ಯಾಲೆ ಹಾಕ್ತೀನಿ, ಅಕಿ ಮಾರಿ ನೋಡ್ಕೋತ ಕೇಳಬೇಕು ನಾನು, ಬರೇ ದನಿ ಬ್ಯಾಡ. ಜಗತ್ತಿನ ಸಾಲಕ್ಕೆಲ್ಲ ಸಹಿ ಹಾಕೋಕಿ ಅಕಿ, ನನ್ನ ಕಾಲಿಗೂ ಹಾಕ್ಲಿ. ನಕ್ಕರಂತೆ ಹಾಗೆಂದು. ನಗುವ ಮಾತೇ ಅದು?

ಆಫ್ ಮಾಡಿ ಆನ್ ಮಾಡು, ಮಾಡಿದೆ. ಏರೋಪ್ಲೇನ್ ಮೋಡ್ ಹಾಕಿ ತೆಗಿ, ತೆಗೆದೆ. ದೋಷ ಹುಡುಕು ಅನ್ನುವ ಗುಂಡಿ ಒತ್ತಿದರೆ ನೀಲಿ ಗೆರೆಯೊಂದು ಅತ್ತಿಂದಿತ್ತ ಓಡಾಡಿ ಕೊನೆಗೆ ದೋಷ ಗುರುತಿಸಲಾಗಲಿಲ್ಲ ಎಂದಿತು, ನಮ್ಮ ಬ್ಯಾಂಕಿನ ಆಡಿಟ್‌ನವರೇ ವಾಸಿ, ಏನಾದರೂ ಒಂದನ್ನು ಹಿಡಿದೇ ಹಿಡಿಯುತ್ತಾರೆ. ಲಕ್ಷ್ಮೀಕಾಂತರನ್ನು ಕೇಳೋಣವೆಂದರೆ ಶಸ್ತ್ರಾಸ್ತ್ರ ಕಾರ್ಖಾನೆಯ ಗೇಟಿನಲ್ಲೇ ಅವರ ಫೋನು ಜಮಾ, ಗಂಡ ಬೇಕಾದಾಗ ಸಿಗುವುದು ಸಂಜೆ ಐದೂವರೆಗೆ. ಅನ್ವಿತಾ ಬಾಗಿಲಲ್ಲಿ ಬಂದು ನಿಂತಳು, ಕೂದಲಿಗೆ ಟವೆಲ್ ಸುತ್ತಿಕೊಂಡು, ಅವ್ವಾ, ಮಾಝಾ ಹಾಟ್‌ಸ್ಪಾಟ್ ಘೇ ನಾ, ಯಾಕ ಸುಮ್ನ ತಲಿ ಕೆಡಿಸ್ಕೋತಿ. ಬ್ಯಾಡ, ನಾ ಇದನ್ನ ಸರಿ ಮಾಡೇ ಬಿಡ್ತೀನಿ. ದೋನ್ ಮಿನಿಟ್ ಕಾ ಕಾಮ್ ಹೈ ಅವ್ವಾ. ಬ್ಯಾಡಂದ್ನಲ್ಲ, ಹೋಗು, ತಲಿ ಒಣಗಿಸ್ಕೋ. ನನ್ನನ್ನು ಒಂದು ಥರಾ ನೋಡಿ ಹೋದಳು. ನೋಡಲಿ. ಅವಳ ಫೋನಿನಿಂದ, ಬೇಕಾದರೆ ನನ್ನದರಿಂದಲೇ, ಕೂಡಿಸಿಕೊಂಡರೆ ಎರಡೇ ನಿಮಿಷ ಅನ್ನುವುದು ನನಗೂ ಗೊತ್ತು, ಅದಕ್ಕೇ ಬೇಡ, ಸುಳ್ಳೇಕೆ, ಸಿಗದಿದ್ದರೇ ಚೆನ್ನ ಅನ್ನಿಸುತ್ತಿದೆ. ನಾನು ಸಿಗದಿದ್ದರೆ ಗಿರಿಧರ ಹೇಗೋ ಒಪ್ಪಿಸುತ್ತಾನೆ, ಡಾಕ್ಟರು ಗದರುತ್ತಾರೆ, ಕಾಲು ಹೋಗುತ್ತದೆ, ಹೋಗು ಅಂದವಳು ನಾನಾಗುವುದಿಲ್ಲ. ನೆಟ್‌ವರ್ಕ್ ಮರೆತುಬಿಡು, ಫರ್ಗೆಟ್, ಒತ್ತಿದೆ, ಎಷ್ಟು ಸಲೀಸು ನೋಡು, ಈಗ ಪಾಸ್‌ವರ್ಡ್ ಹಾಕು, ಹಾಕಿದೆ, ತ್ರಿಕೋನ. ಸಿಗ್ನಲ್ ಒಂದೇ ಗೆರೆ. ನಾನು ಹೂಂ ಅನ್ನದೆ, ಅಪ್ಪ ಹಟ ಬಿಡದೆ, ಎರಡು ಗಂಟೆ ದಾಟಿಬಿಟ್ಟರೆ? ನಂಜು ರಕ್ತಕ್ಕೇರಿದರೆ ತಾಸುಗಳ ಲೆಕ್ಕ, ಡಾಕ್ಟರ್ ಸೌಜನ್ಯಾ ನಿನ್ನೆ ಫೋನಿನಲ್ಲಿ ಅಂದದ್ದು, ತಾಸುಗಳ ಲೆಕ್ಕ, ದಿನಗಳದಲ್ಲ ಮೇಡಂ. ಹನ್ನೊಂದು ಇಪ್ಪತ್ತು. ಏಳು ಲೀಲಾ, ಎದ್ದು ನೋಡು, ವೈಫೈ ಬಾಕ್ಸಿನ ದೀಪ ಯಾವ ಬಣ್ಣದಲ್ಲಿದೆ.

ಪಡಸಾಲೆಗೆ ಬಂದರೆ ತಂಪು, ಲಾವಂಚದ ವಾಸನೆ, ಗುರ್ರೆನ್ನುವ ಫ್ಯಾನು, ನಿನ್ನೆ ಮಧ್ಯಾಹ್ನವಷ್ಟೇ ಅಟ್ಟದಿಂದ ಇಳಿಸಿದ ಕೂಲರು, ಹೋಳಿ ಹಬ್ಬಕ್ಕೇ ಇಳಿಸಬೇಕಿತ್ತು, ಈ ಸಲ ಆಸ್ಪತ್ರೆಯ ಗದ್ದಲದಲ್ಲಿ ಮೇ ತಿಂಗಳೇ ಬಂತು — ಅಯ್ಯ ನನ್ನ ಬುದ್ಧಿಗಿಷ್ಟು! ಬಾಕ್ಸು ಇರುವುದು ಇದರ ಬೆನ್ನಿಗೆ, ಗೋಡೆಯ ಗೂಡಿನಲ್ಲಿ. ಆಳೆತ್ತರದ ತಗಡಿನ ಪೆಟ್ಟಿಗೆ, ಅದರ ಹೊಟ್ಟೆಯಲ್ಲಿ ಐದು ಬಕೆಟ್ ನೀರು, ಇಷ್ಟು ಸಾಲದೆಂದು, ಬಾಕ್ಸಿಗೆ ನೀರು ಸಿಡಿಯಬಾರದೆಂದು, ಹಿಟ್ಟು ನಾದುವ ಸ್ಟೀಲಿನ ಪರಾತವನ್ನು ಅದರ ಮುಂದೆ ಅಡ್ಡ ನಿಲ್ಲಿಸಿದ ಜಾಣೆ ನಾನೇ. ಇನ್ನು ಸಿಗ್ನಲ್ಲು ಗೋಡೆ ತೂರಿಕೊಂಡು ಬರಬೇಕೇ? ಪರಾತ ತೆಗೆದೆ. ಬಾಕ್ಸನ್ನು ಹಿಡಿದು ವೈರು ಬಂದಷ್ಟು ಈಚೆಗೆಳೆದು ಸ್ಟೂಲಿನ ಮೇಲಿಟ್ಟೆ, ಲ್ಯಾಪ್‌ಟಾಪ್ ತಂದು ನೆಲದ ಮೇಲೇ ಕೂತೆ, ಗೆರೆಗಳು ಒಂದು, ಎರಡು, ಮೂರೂ ತುಂಬಿದವು, ತ್ರಿಕೋನ ಮಾಯ. ಆಯಿತು. ಇಷ್ಟೇ ಇತ್ತು. ಇನ್ನು ನೆಪವಿಲ್ಲ, ಹೆದರಿಕೆಯೊಂದಿದೆ. ಅಪ್ಪ ಇಲ್ಲಿಯ ರೈಲ್ವೆಯಲ್ಲಿದ್ದಾಗ ಸ್ಕೂಟರಿನಲ್ಲಿ ನನ್ನನ್ನು ಮುಂದೆ ನಿಲ್ಲಿಸಿಕೊಂಡು ಇತವಾರಿ ಪೇಟೆಗೆ ಹೊರಡುತ್ತಿದ್ದರು, ಜೋಳ ತರಲಿಕ್ಕೆ, ಕೈಗಾಡಿ, ಟೆಂಪೊ, ಬಾಜೂ ಬಾಜೂ ಎಂದು ಕೂಗುವ ಹಮಾಲರು, ನಾನು ರಸ್ತೆ ನೋಡುತ್ತಲೇ ಇರಲಿಲ್ಲ, ಕೆಳಗೆ ನೋಡುತ್ತಿದ್ದೆ, ಬ್ರೇಕಿನ ಮೇಲೆ ಅಪ್ಪನ ಬಲಗಾಲು, ಚಪ್ಪಲಿಯಿಂದ ಮುಂದೆ ಬಂದ ದಪ್ಪ ಹೆಬ್ಬೆರಳು, ಅದು ಒತ್ತಿತೆಂದರೆ ಲೋಕವೆಲ್ಲ ನಿಂತಿತು, ಬಿದ್ದೇನೆಂಬ ಭಯ ಒಂದು ದಿನವೂ ಆಗಲಿಲ್ಲ ನನಗೆ. ಲಿಂಕ್ ಒತ್ತು. ಒತ್ತಿದೆ.

ಗಿರಿಧರನ ಗಡ್ಡ, ಬಿಳೀ ಗೋಡೆ, ಅಕ್ಕಾ ಬಂದ್ಲು, ಅಪ್ಪಾ ನೋಡ್ರಿ, ಅಕ್ಕಾ ಬಂದ್ಲು. ದಿಂಬಿನ ಮೇಲೆ ಅಪ್ಪನ ಮುಖ, ಗಲ್ಲ ಒಳಗೆ ಹೋಗಿದೆ, ಲೀಲಾ, ಬಂದೇನವಾ, ಏನದು ಗುರ್ ಅಂತೈತಿ, ಕೂಲರ್ ಹಚ್ಚೀರೇನು, ಚಲೋ ಮಾಡಿದಿ, ನೀರು ದಿನಾ ಬದಲಸು, ಸೊಳ್ಳಿ ಆಗ್ತಾವ. ಹೂಂ ಅಪ್ಪಾ. ಈ ಹೂಂ ಅಲ್ಲ, ಅದಿನ್ನೂ ಬರಬೇಕು. ಡಾಕ್ಟರು ಏನೇನೋ ಹೇಳಿದರು, ರಕ್ತದ ಓಟ, ಜ್ವರ, ಆಮೇಲೆ ಕೃತಕ ಕಾಲು, ಬರೋಬರ್ ನಡೀತಾರೆ ಮೇಡಂ, ನನಗೆ ಎಲ್ಲ ಕೇಳಿಸಿತು, ನಾನು ಅಪ್ಪನನ್ನೇ ನೋಡುತ್ತಿದ್ದೆ, ಅಪ್ಪ ನನ್ನನ್ನು. ನೀವೂ ಒಮ್ಮೆ ನೋಡಿಬಿಡಿ, ಎಂದು ಡಾಕ್ಟರು ಫೋನು ತಿರುಗಿಸಲು ಹೇಳಿದರು, ಗಿರಿಧರ ತಿರುಗಿಸಿದ, ಬಿಳಿ ಚಾದರ, ಅದರ ಮೇಲೆ ಬಲಗಾಲು, ಪಾದ ಬಾತಿದೆ, ಹೆಬ್ಬೆರಳು ಕಪ್ಪು, ಉಗುರೂ ಕಪ್ಪು, ಅದು ಅಪ್ಪನದೇ, ಬೇರೆ ಯಾರದೂ ಅಲ್ಲ. ಕಾಲು ತೋರಿಸುತ್ತಲೇ ಅಪ್ಪನ ದನಿ, ಹೇಳವಾ, ನೀ ಏನಂತಿ. ತೆಗೀಲಿ ಅಪ್ಪಾ, ಎಂದೆ. ಹೂಂ, ತೆಗೀಲಿ, ನೀವು ಬೇಕು ನಮಗ, ಸಹಿ ಹಾಕ್ರಿ. ಅಂದುಬಿಟ್ಟೆ. ದನಿ ಒಡೆಯಲಿಲ್ಲ, ಪೂರ್ತಿ ಅಂದೆ, ಉಸಿರು ಬಿಟ್ಟೆ. ಪರದೆ ಅಲುಗಲಿಲ್ಲ. ನನ್ನ ಕಡೆ ಗೆರೆ ಮೂರೂ ತುಂಬಿವೆ, ತ್ರಿಕೋನವಿಲ್ಲ, ದೋಷ ಅಲ್ಲಿಯದು, ಚಿತ್ರ ನಿಂತಿದೆ, ದನಿಯಷ್ಟೇ ತುಂಡುತುಂಡಾಗಿ, ಅಕ್ಕಾ, ನೀ ಅಂದಿದ್ದು ಕೇಳಸ್ಲಿಲ್ಲ, ಅಪ್ಪಗ ಕೇಳಸ್ಲಿಲ್ಲ ನೋಡು, ಇನ್ನೊಮ್ಮೆ ಹೇಳು. ಇನ್ನೊಮ್ಮೆ. ಹೇಳಬೇಕು, ಹೇಳಲೇಬೇಕು — ಬಿಳಿ ಚಾದರದ ಮೇಲೆ ಬಲಗಾಲು, ಕಪ್ಪು ಹೆಬ್ಬೆರಳು ಮೇಲೆ ಮಾಡಿ, ಅಲುಗದೆ ನಿಂತಿದೆ, ಬಲಗಾಲು…