ಹತ್ತೊಂಬತ್ತನೆಯ ರಾಡು

ನಾಲ್ಕು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಹೊಲಿಗೆಯಮ್ಮ ಹೆಣದ ಕೋಟಿನ ಎಡಬಗಲನ್ನು ಎರಡು ಬೆರಳಷ್ಟು ಒಳಕ್ಕೆ ಮಡಚಿ ಐದನೆಯದನ್ನು ಚುಚ್ಚಿದಳು. "ಚುಚ್ತಾ?" ಎಂದು ಐವತ್ತು ವರ್ಷಗಳ ಅಭ್ಯಾಸಬಲದಿಂದ ಕೇಳಿ, ಕೇಳಿದ ಮೇಲೆ ತಾನೇ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು.

ಮಂಚದ ಮೇಲಿದ್ದವನು ಉತ್ತರಿಸಲಿಲ್ಲ. ಬದುಕಿದ್ದಾಗಲೂ ಅವಳು ಕೇಳಿದ್ದಕ್ಕೆ ಉತ್ತರ ಕೊಡುವ ಚಾಳಿ ಅವನಿಗಿರಲಿಲ್ಲ. ಮೂವತ್ತೆಂಟು ವರ್ಷ ಉಕ್ಕು ಕಡೆಯುವ ಲೇತಿನ ಮುಂದೆ ನಿಂತವನು. ಯಾವ ಸಾಮಾನು ಮುಗಿಸಿದರೂ "ಇನ್ನೊಂದು ಕೂದಲೆಳೆ ತೆಗೀಬೇಕು" ಎನ್ನುತ್ತಿದ್ದುದರಿಂದ ವರ್ಕ್‌ಶಾಪಿನವರು ಅವನಿಗೆ ಕೂದಲೆಳೆ ಎಂದೇ ಹೆಸರಿಟ್ಟಿದ್ದರು. ಈಗ ರೋಗವು ಆ ಮೈಯಿಂದ ಕೂದಲೆಳೆಯ ಲೆಕ್ಕವಿಡದೆ ತೆಗೆದುಕೊಂಡಿತ್ತು.

"ತುಂಬಾ ದೊಡ್ಡದಾಗಿದೆಯಾ ಅಕ್ಕ?" ಬಾಗಿಲ ಚೌಕಟ್ಟಿಗೆ ಒರಗಿದ್ದ ಅವನ ಹೆಂಡತಿ ಕೇಳಿದಳು.

"ಕೋಟು ದೊಡ್ಡದಾಗಿಲ್ಲ ಕಣಮ್ಮ. ಮನುಷ್ಯ ಚಿಕ್ಕವನಾಗಿದ್ದಾನೆ."

"ಹೋದ ವಾರವೇ ಹೇಳಿಟ್ಟಿದ್ರು. ನಾನು ಹೋದಮೇಲೆ ಕೋಟನ್ನ ಹೊಲಿಗೆಯಮ್ಮನೇ ಸರಿಮಾಡಬೇಕು, ಬೇರೆ ಯಾರೂ ಮುಟ್ಟಕೂಡದು ಅಂತ. ಹೋಗೋರಿಗೆ ಕೋಟಿನ ಚಿಂತೆ ಯಾಕೆ ಅಂತ ನಾನು ಬೈದೆ." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಆ ಕೈ ನೋಡಿ ಅಕ್ಕ. ಬೆಳಿಗ್ಗೆ ಸ್ನಾನ ಮಾಡಿಸುವಾಗ ಬಿಡಿಸೋಕೆ ಹೋದ್ರು, ಆಗಲಿಲ್ಲ."

ಹೊಲಿಗೆಯಮ್ಮ ನೋಡಿದಳು. ಬಲಗೈಯ ಹೆಬ್ಬೆರಳೂ ತೋರುಬೆರಳೂ ತುದಿಗೆ ತುದಿ ಒತ್ತಿ ನಿಂತಿದ್ದವು, ಕಣ್ಣಿಗೆ ಕಾಣದ ಯಾವುದೋ ಎಳೆಯನ್ನು ಹಿಡಿದಂತೆ. ಉಳಿದ ಮೂರು ಬೆರಳುಗಳು ಸಡಿಲವಾಗಿದ್ದವು.

ಎದೆಯ ಭಾಗವನ್ನು ಸರಿಪಡಿಸುವಾಗ ಒಳಜೇಬಿನಲ್ಲಿ ಏನೋ ಗಟ್ಟಿಯಾಗಿ ತಗುಲಿತು. ತೆಗೆದರೆ ಬೆಂಕಿಪೊಟ್ಟಣ. ಒಳಗೆ ಹತ್ತಿಯ ಹಾಸಿಗೆಯ ಮೇಲೆ ಒಂದರ ಪಕ್ಕದಲ್ಲೊಂದು ಮಲಗಿದ್ದ ಉಕ್ಕಿನ ಕಡ್ಡಿಗಳು. ಸೂಜಿಯಷ್ಟೇ ತೆಳುವು, ಬೆರಳಿನ ಅರ್ಧದಷ್ಟು ಉದ್ದ, ಎರಡೂ ತುದಿಗೆ ಸಾಸಿವೆಯಂಥ ಗುಂಡು. ಎಣಿಸಿದಳು: ಹದಿನೆಂಟು. ಅವುಗಳ ಮೇಲೆ ನಾಲ್ಕಾಗಿ ಮಡಚಿದ ಚೀಟಿ. ಅಕ್ಷರಗಳು ಅಚ್ಚು ಹಾಕಿದಂತಿದ್ದವು.

*ಇವು ವಿಚಾರಣೆಯಲ್ಲಿ ತೋರಿಸಿದ ರಾಡು. ನಿಜವಾಗಿ ಇದ್ದದ್ದು ಕಾರಿನಲ್ಲಿದೆ.*

ಎರಡು ಸಲ ಓದಿದರೂ ಅರ್ಥವಾಗಲಿಲ್ಲ. 'ವಿಚಾರಣೆ' ಎಂಬ ಪದದ ಮೇಲೆ ಬೆರಳಿಟ್ಟುಕೊಂಡೇ ತಲೆಯೆತ್ತಿದಳು.

"ಅವನು ಕಟ್ಟುತ್ತಿದ್ದ ಆ ಪುಟ್ಟ ಕಾರು ಎಲ್ಲಿದೆ?"

"ಹೊರಗೆ ಹಾಲ್‌ನಲ್ಲಿ, ಮೇಜಿನ ಮೇಲೆ. ಅದೊಂದು ಬೇರೆ ನನ್ನ ಜೀವ ಹಿಂಡ್ತಿದೆ ಅಕ್ಕ. ನಿನ್ನೆಯಿಂದ ಮೂರು ಸಲ ನೆಟ್ಟಗೆ ನಿಲ್ಲಿಸಿದೆ. ಹೋಗಿ ಬರೋದರೊಳಗೆ ಎಡಕ್ಕೆ ತಿರುಗಿಕೊಂಡಿರುತ್ತೆ. ಪೆಟ್ಟಿಗೆಯೊಳಗೆ ಅವರ ಜೊತೆಗೇ ಇಟ್ಟುಬಿಡೋಣ ಅಂತ ವರ್ಕ್‌ಶಾಪಿನ ಯಜಮಾನರು ಹೇಳಿದ್ರು. ನಾನೂ ಹೂಂ ಅಂದೆ. ನಾಲ್ಕಕ್ಕೆ ಗಾಡಿ ಬರುತ್ತೆ."

ಗೋಡೆಯ ಗಡಿಯಾರದಲ್ಲಿ ಮೂರು ಹೊಡೆಯಿತು.

* * *

ಹೊಲಿಗೆಯಮ್ಮನ ಒಬ್ಬನೇ ಮಗ ಆ ವರ್ಕ್‌ಶಾಪಿನವರು ಕಟ್ಟಿದ ಡ್ರ್ಯಾಗ್ ಓಟದ ಕಾರು ಓಡಿಸುತ್ತಿದ್ದ. ಅದು ಉದ್ದನೆಯ, ಬಡಕಲು ಗಾಡಿ. ಮುಂದೆ ಸೈಕಲ್ಲಿನಂಥ ಎರಡು ಚಕ್ರ, ಹಿಂದೆ ಡ್ರಮ್ಮಿನಂಥ ಎರಡು ಚಕ್ರ. ನಾಲ್ಕುನೂರು ಮೀಟರ್ ನೇರ ಓಡುವುದೊಂದನ್ನು ಬಿಟ್ಟರೆ ಅದಕ್ಕೆ ಬೇರೆ ವಿದ್ಯೆ ಗೊತ್ತಿಲ್ಲ. ಇಪ್ಪತ್ತಾರನೆಯ ವಯಸ್ಸಿನಲ್ಲಿ, ಒಂದು ಭಾನುವಾರದ ಮಧ್ಯಾಹ್ನ, ಆ ನೇರ ದಾರಿಯ ನಡುವೆ ಕಾರು ಎಡಕ್ಕೆ ಹೊರಳಿ ಗೋಡೆಗೆ ಬಡಿಯಿತು.

ವಿಚಾರಣೆಯ ದಿನ ಅವಳು ಮೊದಲ ಸಾಲಿನಲ್ಲಿ ಕೂತಿದ್ದಳು. ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಕಾರಿನ ಸ್ಟೇರಿಂಗ್ ರಾಡು, ಚಾಲಕನ ಕೈಯ ತಿರುವನ್ನು ಗಾಲಿಗೆ ಮುಟ್ಟಿಸುವ ಉಕ್ಕಿನ ಸರಳು, ಇಟ್ಟಿದ್ದರು. ಒಂದು ಗೀರಿಲ್ಲ, ಒಂದು ಡೊಂಕಿಲ್ಲ; ಕಿಟಕಿಯ ಬೆಳಕು ಅದರ ಮೇಲೆ ತುದಿಯಿಂದ ತುದಿಗೆ ಹರಿಯುತ್ತಿತ್ತು. ಕೂದಲೆಳೆಯನ್ನು ಕರೆದು ಕೇಳಿದರು:

"ಈ ರಾಡನ್ನು ಮಾಡಿದ್ದು ನೀವೇನಾ?"

"ನಾನೇ ಮಾಡಿದ್ದು."

"ಇದರಲ್ಲಿ ಏನಾದರೂ ದೋಷ ಇದೆಯಾ?"

"ಇಲ್ಲ."

ರಾಡಿನಲ್ಲಿ ದೋಷವಿಲ್ಲವೆಂದ ಮೇಲೆ ದೋಷ ಎಲ್ಲಿಯಾದರೂ ಇರಲೇಬೇಕಷ್ಟೆ. ಸತ್ತವನ ಮೇಲೆ ಹೊರಿಸಿದರು. ಅವನು ತಕರಾರು ತೆಗೆಯುವಂತಿರಲಿಲ್ಲ. 'ಚಾಲಕನು ಗಾಬರಿಯಿಂದ ಸ್ಟೇರಿಂಗ್ ಕೈಬಿಟ್ಟದ್ದರಿಂದ' ಎಂದು ಬರೆದ ಹಾಳೆಗೆ ಚೌಕಟ್ಟು ಹಾಕಿಸಿ ಟ್ರ್ಯಾಕಿನ ಕಚೇರಿಯ ಗೋಡೆಗೆ ತೂಗುಹಾಕಿದರು, ಮುಂದಿನವರಿಗೆ ಪಾಠವಾಗಲೆಂದು. ಅಂದಿನಿಂದ ಬೀದಿಯಲ್ಲಿ ಅವಳು ಕೈಬಿಟ್ಟವನ ತಾಯಿ.

ಮರುವರ್ಷ ಮಗ ಸತ್ತ ತಾರೀಕಿನ ಬೆಳಿಗ್ಗೆ ಕೂದಲೆಳೆ ಅವಳ ಮನೆಯ ಮೆಟ್ಟಿಲು ಹತ್ತಿದ. ಕೈಯಲ್ಲೊಂದು ಪುಸ್ತಕ, ಕಿವಿಯ ಮೇಲೊಂದು ಪೆನ್ಸಿಲು.

"ಅಕ್ಕ, ಅವನ ಮೊಣಕೈಯಿಂದ ಮಣಿಕಟ್ಟಿಗೆ ಎಷ್ಟಿತ್ತು?"

ಅವಳು ಅಳತೆಯ ಪುಸ್ತಕ ತೆರೆದು ಓದಿದಳು. ಅವನು ಅದನ್ನು ಇಪ್ಪತ್ತೈದರಿಂದ ಭಾಗಿಸಿ ಬರೆದುಕೊಂಡ. ಆ ಕಾರನ್ನೇ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಸಿ ಕಟ್ಟುತ್ತಿದ್ದೇನೆ ಎಂದ. ಅಂಗಡಿಯಲ್ಲಿ ಸಿಗುವ ಒಂದು ತುಣುಕನ್ನೂ ಹಾಕುವುದಿಲ್ಲ. ಇಂಜೆಕ್ಷನ್ ಸೂಜಿಯ ನಳಿಕೆಯಿಂದ ಚಾಸಿಯ ಚೌಕಟ್ಟು, ಫ್ಯೂಸ್ ತಂತಿಯಿಂದ ಪ್ಲಗ್ಗಿನ ವೈರು, ಕೈಗಡಿಯಾರದ ಸ್ಕ್ರೂಗಳಿಂದ ಎಂಜಿನ್ನಿನ ಬೋಲ್ಟು. ಹೀಗೆ ವರ್ಷಕ್ಕೊಂದು ಸಲದಂತೆ ಹತ್ತೊಂಬತ್ತು ವರ್ಷ ಬಂದ. ಒಮ್ಮೆ ಭುಜದಗಲ ಕೇಳಿದ. ಒಮ್ಮೆ ಸೀಟಿನ ಪಟ್ಟಿಗೆಂದು ಮಗನ ನೀಲಿ ಅಂಗಿಯ ಅಂಚನ್ನು ಕೇಳಿ ಒಯ್ದ. ಒಮ್ಮೆ, "ಸ್ಟೇರಿಂಗ್ ಹಿಡಿಯುವಾಗ ಹೆಬ್ಬೆರಳು ಒಳಗೆ ಇಡ್ತಿದ್ನಾ, ಹೊರಗಾ?" ಎಂದ.

"ಒಳಗೆ. ಹಾಲಿನ ಲೋಟಾನೂ ಹಾಗೇ ಹಿಡೀತಿದ್ದ, ಮುಷ್ಟಿ ಕಟ್ಟಿ." ಅಂದು ಅವಳಿಗೆ ತಡೆಯಲಾಗಲಿಲ್ಲ. "ನೀನಾದರೂ ಹೇಳು. ನನ್ನ ಮಗ ನಿಜವಾಗಿ ಕೈಬಿಟ್ಟನಾ?"

ಕೂದಲೆಳೆ ಮುಗಿಯದ ಚಹಾದ ಲೋಟವನ್ನು ನೆಲಕ್ಕಿಟ್ಟು ಎದ್ದ.

"ಅಳತೆ ಇನ್ನೂ ಸರಿಯಾಗಿಲ್ಲ ಅಕ್ಕ" ಎಂದು ಹೇಳಿ ಮೆಟ್ಟಿಲಿಳಿದು ಹೋದ.

* * *

ಹಾಲ್‌ನಲ್ಲಿ ಬಾಡಿಗೆ ಕುರ್ಚಿಗಳ ಮೇಲೆ ಜನ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಮೇಜಿನ ಬಳಿ ವರ್ಕ್‌ಶಾಪಿನ ಯಜಮಾನರು ನಿಂತಿದ್ದರು. ಎದುರಿಗೆ, ಅವರಲ್ಲೇ ಬೆಸುಗೆ ಕೆಲಸ ಮಾಡಿದ, ಎಪ್ಪತ್ತು ದಾಟಿದ ವೆಲ್ಡರ್.

"ಮೇಜು ಓರೆ ಇರಬೇಕು, ಅದಕ್ಕೇ ಕಾರು ತಿರುಗ್ತಿದೆ" ಎಂದರು ಯಜಮಾನರು.

"ಈ ಮನೇಲಿ ಓರೆಯಾ?" ವೆಲ್ಡರ್ ನಕ್ಕ. "ನೆಲ ಸಮ ಇಲ್ಲ ಅಂತ ಗಾರೆಯವನನ್ನ ಮೂರು ಸಲ ವಾಪಸ್ ಕರೆಸಿದೋನು ಅವನು. ಇಲ್ಲಿ ಗೋಲಿ ಬಿಟ್ಟರೆ ಅದೂ ಯಾವ ಕಡೆ ಹೋಗಲಿ ಅಂತ ಯೋಚನೆ ಮಾಡಿ ಸುಮ್ಮನೆ ಕೂತುಬಿಡುತ್ತೆ."

ಒಂದಿಬ್ಬರು ನಗು ನುಂಗಿಕೊಂಡರು. ಯಜಮಾನರು ಕಾರನ್ನು ಎತ್ತಿಕೊಂಡರು. "ಅವನ ಜೀವವೇ ಇದರಲ್ಲಿತ್ತು. ಅವನ ಜೊತೆಗೇ ಹೋಗಲಿ. ಕಂಡೋರ ಕೈಗೆ ಸಿಕ್ಕಿ ಹಾಳಾಗೋದು ಬೇಡ."

"ಒಂದು ನಿಮಿಷ ಕೊಡಿ" ಎಂದಳು ಹೊಲಿಗೆಯಮ್ಮ. "ನನ್ನ ಮಗನ ಅಂಗಿ ಇದೆ ಅದರಲ್ಲಿ."

ಅಷ್ಟು ಜನರೆದುರು ಇಲ್ಲವೆನ್ನಲಾಗದೆ ಅವರು ಕಾರನ್ನು ಕೆಳಗಿಟ್ಟರು. ಒಂದು ಗೇಣಿಗೆ ಮೂರು ಬೆರಳು ಸೇರಿಸಿದಷ್ಟು ಉದ್ದ. ಸತ್ತವನ ಭೂತಗನ್ನಡಿಯನ್ನು ಹಿಡಿದು ಅವಳು ಬಾಗಿದಳು. ಎಳೆ ಎಳೆಯೂ ಗುರುತು ಸಿಗುವ ನೀಲಿ ಪಟ್ಟಿ. ಖಾಲಿ ಸೀಟು. ಅದರ ಮುಂದೆ, ಸರಳುಗಳ ಗೂಡಿನೊಳಗೆ, ಸ್ಟೇರಿಂಗ್ ಚಕ್ರ. ಆ ಚಕ್ರದ ಮೇಲೆ ಎರಡು ಕೈಗಳಿದ್ದವು.

ಮೈಯಿಲ್ಲ, ತೋಳಿಲ್ಲ, ಮಣಿಕಟ್ಟಿಗೇ ಮುಗಿದ, ಅಕ್ಕಿಕಾಳಿನಷ್ಟಿನ ಎರಡು ಮುಷ್ಟಿಗಳು. ಹೆಬ್ಬೆರಳುಗಳು ಒಳಗಿದ್ದವು. ಮುಷ್ಟಿಗಳು ಚಕ್ರವನ್ನು ಬಲಕ್ಕೆ, ಇನ್ನು ತಿರುಗದಷ್ಟು ಬಲಕ್ಕೆ, ತಿರುಗಿಸಿ ಹಿಡಿದಿದ್ದವು. ಮುಂದಿನ ಗಾಲಿಗಳೆರಡೂ ಎಡಕ್ಕೆ ಹೊರಳಿದ್ದವು.

ಭೂತಗನ್ನಡಿಯನ್ನು ಅವಳು ವೆಲ್ಡರ್ ಕಡೆ ಚಾಚಿದಳು.

"ವೆಲ್ಡರಣ್ಣ, ಸ್ಟೇರಿಂಗನ್ನ ಬಲಕ್ಕೆ ತಿರುಗಿಸಿದ್ರೆ ಗಾಲಿ ಎಡಕ್ಕೆ ಹೋಗುತ್ತಾ?"

"ಎಲ್ಲಾದ್ರೂ ಹೋಗುತ್ತಾ ಅಕ್ಕ. ನಡುವೆ ರಾಡು ತುಂಡಾಗಿದ್ರೆ ಮಾತ್ರ."

"ನೋಡು ಹಾಗಾದ್ರೆ."

ವೆಲ್ಡರ್ ಭೂತಗನ್ನಡಿ ತೆಗೆದುಕೊಂಡ. ಬಾಗಿ ನೋಡಿದ. ಸ್ಟೇರಿಂಗಿನಿಂದ ಗಾಲಿಗೆ ಹೋಗುವ ರಾಡು ನಡುವೆ ಎರಡಾಗಿತ್ತು. ಮುರಿದ ತುದಿಯೊಂದರ ಮೇಲೆ ಕೊಳವೆಯ ತೇಪೆ. ತೇಪೆಯ ಅಂಚಿಗೆ ಬೆಸುಗೆಯ ಮೂರು ಗಂಟು, ಮೂರನೆಯದು ಉಳಿದೆರಡಕ್ಕಿಂತ ದಪ್ಪ.

"ಇದು ನನ್ನ ಬೆಸುಗೆ" ಎಂದ ಅವನು. "ಮೂರನೇ ಗಂಟಿಗೆ ಕೈ ಜಾರಿತ್ತು. ಅದನ್ನೂ ಮಾಡಿದ್ದಾನೆ ಪುಣ್ಯಾತ್ಮ. ಅವನು ಯಾವಾಗ ನೋಡಿದ್ನೋ."

"ಸಾವಿನ ಮನೆ ಇದು" ಎಂದರು ಯಜಮಾನರು. "ಗೊಂಬೆ ನೋಡಿ ಇಲ್ಲದ ಕತೆ ಕಟ್ಟಬೇಡ."

"ಕತೆ ಕಟ್ಟಿದ್ದು ಆವತ್ತು. ಓಟದ ದಿನ ಬೆಳಿಗ್ಗೆ ರಾಡು ಬಗ್ಗಿತ್ತು. ಹೊಸದು ಮಾಡೋಕೆ ಕೂದಲೆಳೆ ಅರ್ಧ ದಿನ ಕೇಳ್ದ. ನೀವು ಕೊಡಲಿಲ್ಲ. ಬಗ್ಗಿದ್ದನ್ನ ಕತ್ತರಿಸಿ ಮೇಲೆ ಕೊಳವೆ ತೊಡಿಸಿ ಬೆಸೆ ಅಂದ್ರಿ. ನಾನು ಬೆಸೆದೆ. ಮಾರನೇ ದಿನ ಅವನನ್ನ ಲೇತಿನ ಮುಂದೆ ನಿಲ್ಲಿಸಿ ಹೊಸ ರಾಡು ಮಾಡಿಸಿ ಅದನ್ನೇ ವಿಚಾರಣೆಗೆ ಕಳಿಸಿದ್ರಿ."

"ಈಗ ಬಾಯಿ ಬಂತಾ ನಿನಗೆ?"

"ಆಗ ಬರೀ ಹೊಟ್ಟೆ ಇತ್ತು ಯಜಮಾನ್ರೇ."

ಹೊಲಿಗೆಯಮ್ಮನ ಕಣ್ಣ ಮುಂದೆ ಹಸಿರು ಬಟ್ಟೆಯ ಮೇಲಿನ ರಾಡು ಹೊಳೆಯಿತು. ನೀವೇನಾ ಮಾಡಿದ್ದು? ನಾನೇ. ಕೇಳಿದ ಒಂದೊಂದು ಪ್ರಶ್ನೆಗೂ ಅವನು ಸತ್ಯವಾದ ಉತ್ತರವನ್ನೇ ಕೊಟ್ಟಿದ್ದ. ಯಾವಾಗ ಮಾಡಿದ್ದು ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಕೇಳದಿದ್ದುದನ್ನು ಹೇಳುವ ಹೊಣೆ ತನ್ನದಲ್ಲವೆಂದು ಆ ಮನುಷ್ಯ ನಂಬಿಕೊಂಡಿದ್ದ. ಅಥವಾ ನಂಬಲಾರದೆ, ವರ್ಷಕ್ಕೊಂದರಂತೆ ಅದೇ ಸುಳ್ಳು ರಾಡನ್ನು ಪುಟ್ಟದಾಗಿ ಮಾಡಿ, ಕಾರಿಗೆ ಹಾಕಲು ಮನಸ್ಸೊಪ್ಪದೆ ತೆಗೆದಿಟ್ಟಿದ್ದ. ಹತ್ತೊಂಬತ್ತನೆಯ ವರ್ಷ, ತನಗೆ ಇನ್ನು ಯಾರ ಭಯವೂ ಉಳಿಯದಾಗ, ನಿಜವಾದದ್ದನ್ನು ಮಾಡಿದ. ಅಂಥ ಧೈರ್ಯಕ್ಕೆ ಏನೆನ್ನಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಅಕ್ಕ" ಎಂದಳು ಸತ್ತವನ ಹೆಂಡತಿ, ಕೈಹಿಡಿದು. "ಇವತ್ತೊಂದು ದಿನ ಸುಮ್ಮನಿರೋಕಾಗಲ್ವಾ? ಒಳಗೆ ಅವರು ಮಲಗಿದ್ದಾರೆ."

"ಇಷ್ಟು ವರ್ಷ ಸುಮ್ಮನಿದ್ದೋಳು ನಾನಲ್ಲ ಕಣಮ್ಮ." ಅವಳು ವೆಲ್ಡರ್ ಕಡೆ ತಿರುಗಿದಳು. "ಟ್ರ್ಯಾಕಿನ ಕಚೇರಿ ನಾಳೆ ಹತ್ತಕ್ಕೆ ತೆಗೀತಾರೆ. ಗೋಡೆಯ ಮೇಲಿರೋ ಹಾಳೆ ಇಳಿಸಬೇಕು. ಇಲ್ಲಿ ಹೇಳಿದ್ದನ್ನ ಅಲ್ಲಿ ಬಂದು ಹೇಳ್ತೀಯಾ?"

"ಹೇಳ್ತೀನಿ. ಬರೆದೂ ಕೊಡ್ತೀನಿ."

ಯಜಮಾನರ ಕೈ ಮತ್ತೆ ಕಾರಿನ ಕಡೆ ಚಾಚಿತು. ಅದಕ್ಕಿಂತ ಮೊದಲು ಆ ಮನೆಯಾಕೆ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊಲಿಗೆಯಮ್ಮನ ಮಡಿಲಿಗಿಟ್ಟಳು. ಗಂಡನ ಹೆಸರು ಕೆಡುವುದು ಗೊತ್ತಿದ್ದೂ ಇಟ್ಟಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಅತ್ತಳು.

* * *

ಕೋಟು ಇನ್ನೂ ಮುಗಿದಿರಲಿಲ್ಲ. ಹೊಲಿಗೆಯಮ್ಮ ಕೋಣೆಗೆ ಮರಳಿ ಬಾಗಿಲು ಹಾಕಿಕೊಂಡಳು. ಗುಂಡುಸೂಜಿಗಳನ್ನೆಲ್ಲ ಕಿತ್ತು, ಸಡಿಲ ಕೋಟಿನಲ್ಲೇ ಹೋಗಲಿ ಇವನು ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಹಿಡಿದ ಕೆಲಸವನ್ನು ಕೆಡಿಸಿ ಅವಳಿಗೆ ಗೊತ್ತಿರಲಿಲ್ಲ.

"ಹತ್ತೊಂಬತ್ತು ಸಲ ನನ್ನ ಮನೆ ಮೆಟ್ಟಿಲು ಹತ್ತಿದೆಯಲ್ಲ" ಎಂದಳು, ಹೊಲಿಯುತ್ತ. "ನನ್ನ ಮಗನ ಕೈಯನ್ನ ಅಳೆದೆ, ಭುಜಾನ ಅಳೆದೆ. ನನ್ನ ಮುಖ ಒಂದು ನಿನ್ನ ಕಣ್ಣಿಗೆ ಬೀಳಲಿಲ್ಲ ಅಲ್ವಾ."

ಚೀಟಿಯನ್ನು ಮಡಚಿ ರವಿಕೆಯೊಳಗೆ ಸೇರಿಸಿದಳು. ಹದಿನೆಂಟು ನೆಟ್ಟನೆಯ ರಾಡುಗಳಿದ್ದ ಪೊಟ್ಟಣವನ್ನು ಅವನ ಎದೆಯ ಒಳಜೇಬಿಗೇ ಮರಳಿಸಿ, ಜೇಬಿನ ಬಾಯಿಯನ್ನು ಎರಡೆರಡು ಸಾಲಿನಲ್ಲಿ, ಯಾರೂ ಬಿಚ್ಚಲಾರದ ಹಾಗೆ ಹೊಲಿದು ಮುಚ್ಚಿದಳು. ಬಾಗಿ ಹಲ್ಲಿನಿಂದ ದಾರ ಕಡಿದಳು. ತಲೆಯೆತ್ತಿದಾಗ ಅವನ ಬಲಗೈಯ ಆ ಎರಡು ಬೆರಳುಗಳ ನಡುವೆ ಸಂದಿಯಿತ್ತು. ಹೆಚ್ಚಲ್ಲ, ಒಂದು ಕೂದಲೆಳೆಯಷ್ಟು.

ನಾಲ್ಕಕ್ಕೆ ಸರಿಯಾಗಿ ಗಾಡಿ ಬಂತು. ಪೆಟ್ಟಿಗೆಯನ್ನು ನಾಲ್ವರು ಹೆಗಲಿಗೆ ತೆಗೆದುಕೊಂಡರು. ಮುಂದಿನ ಎಡಭಾಗಕ್ಕೆ ಯಜಮಾನರೇ ನಿಂತರು, ಜನ ನೋಡಲೆಂದು, ಬಲಕ್ಕೆ ವೆಲ್ಡರ್. ಬಾಗಿಲಿನಿಂದ ಗೇಟಿಗೆ ಇಪ್ಪತ್ತು ಹೆಜ್ಜೆ, ದಾರದ ಗುರುತು ಹಾಕಿ ಕಲ್ಲು ಹಾಸಿದ ನೇರ ದಾರಿ.

ಏಳನೆಯ ಹೆಜ್ಜೆಗೆ ಪೆಟ್ಟಿಗೆ ಎಡಕ್ಕೆ ವಾಲಿತು.

"ನೆಟ್ಟಗೆ ನಡೀರಪ್ಪ" ಎಂದರು ಹಿಂದಿನವರು.

"ನೆಟ್ಟಗೇ ನಡೀತಿದ್ದೀವಿ" ಎಂದ ವೆಲ್ಡರ್.

ನಿಂತು, ಸರಿಪಡಿಸಿಕೊಂಡು, ಮತ್ತೆ ಹೊರಟರು. ಮತ್ತೆ ಎಡಕ್ಕೆ ಎಳೆಯಿತು. ಯಜಮಾನರ ಹೆಗಲು ಕಾಂಪೌಂಡಿನ ಗೋಡೆಗೆ ತಾಗಿ ಬಿಳಿ ಅಂಗಿಯ ತೋಳು ಹರಿಯಿತು. ಅವರ ಹಣೆಯಲ್ಲಿ ಬೆವರೊಡೆದಿತ್ತು. ಗೋಡೆಗೂ ಪೆಟ್ಟಿಗೆಗೂ ನಡುವೆ ಅವರು ಸಿಕ್ಕಿಕೊಳ್ಳುತ್ತ ಹೋಗುವುದನ್ನು ಕಂಡು ಗೇಟಿನ ಬಳಿಯಿದ್ದವರೆಲ್ಲ ಕೈಬೀಸಿ ಕೂಗತೊಡಗಿದರು:

"ಬಲಕ್ಕೆ, ಬಲಕ್ಕೆ ಎಳೀರಿ, ಬಲಕ್ಕೆ."

ಹಿಂದೆ, ಎಲ್ಲರಿಗಿಂತ ಕೊನೆಯಲ್ಲಿ, ಹೊಲಿಗೆಯಮ್ಮ ಕಾರನ್ನು ಎರಡು ಅಂಗೈಗಳ ಮೇಲಿಟ್ಟುಕೊಂಡು ಬರುತ್ತಿದ್ದಳು. ಸಂಜೆಯ ಬಿಸಿಲು ಸರಳುಗಳ ಗೂಡಿನೊಳಕ್ಕೆ ಬಿದ್ದಿತ್ತು. ಅಲ್ಲಿ ಅಕ್ಕಿಕಾಳಿನಷ್ಟಿನ ಎರಡು ಮುಷ್ಟಿಗಳು, ಹೆಬ್ಬೆರಳನ್ನು ಒಳಗಿಟ್ಟು, ಚಕ್ರವನ್ನು ಬಲಕ್ಕೆ ತಿರುಗಿಸಿ ಹಿಡಿದೇ ಇದ್ದವು.